ಎದುರು ಬೆಳಕು: ರಾತ್ರಿ ದಾರಿಯಲ್ಲಿ ನಮ್ಮ ಜವಾಬ್ದಾರಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಗಾರನಲ್ಲ. ಓದಿರುವುದು ಎಸ್.ಎಸ್.ಎಲ್.ಸಿ. ತನಕ. ಆಮೇಲೆ ಹಿಡಿದದ್ದು ನೇಗಿಲು, ಅದಾದ ಮೇಲೆ ಟ್ರಾಕ್ಟರ್ ಸ್ಟೇರಿಂಗು. ನೀವೆಲ್ಲ ಸೇರಿ ನಿರ್ದೇಶಕನನ್ನಾಗಿ ಮಾಡಿದ್ದೀರಿ, ಆದ್ದರಿಂದ ಮೈಕಿನ ಮುಂದೆ ನಿಲ್ಲಬೇಕಾಗಿ ಬಂದಿದೆ. ಅಧ್ಯಕ್ಷರು ನನಗೆ "ಮೇವಿನ ವಿಷಯ ಎರಡು ಮಾತು ಆಡಪ್ಪ" ಅಂದರು. ಮೇವು, ಕೆಚ್ಚಲು ಬಾವು, ಕರು ಸಾಕಣೆ ಇವುಗಳನ್ನೆಲ್ಲ ಪಶುವೈದ್ಯರು ನನಗಿಂತ ಚೆನ್ನಾಗಿ ಹೇಳಬಲ್ಲರು. ನಾನು ಬೇರೆ ವಿಷಯ ಹೇಳುತ್ತೇನೆ, ಅಪ್ಪಣೆ ಕೊಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಆ ವಿಷಯ ಏನೆಂದರೆ, ರಾತ್ರಿ ಹೊತ್ತು ಗಾಡಿ ಓಡಿಸುವಾಗ ಎದುರಿನಿಂದ ಕಣ್ಣಿಗೆ ಬೀಳುವ ಬೆಳಕು.

"ಹಾಲಿನ ಸಂಘಕ್ಕೂ ಹೆಡ್‌ಲೈಟಿಗೂ ಏನಯ್ಯಾ ಸಂಬಂಧ?" ಎಂದು ನೀವು ಕೇಳಬಹುದು. ಸಂಬಂಧ ಇದೆ. ಈ ಸಂಘದ ಕೆಲಸ ಶುರುವಾಗುವುದೇ ಕತ್ತಲಲ್ಲಿ. ಬೆಳಗಿನ ಜಾವ ಎದ್ದು ಹಾಲು ಕರೆದು, ಕ್ಯಾನು ಹೊತ್ತು ಡೇರಿಗೆ ಬರುವವರು ನಾವು. ಸಂಜೆ ಹಾಲು ಹಾಕಿ ಮನೆಗೆ ಹೋಗುವಷ್ಟರಲ್ಲಿ ಮಬ್ಬು ಕವಿದಿರುತ್ತದೆ. ಕಬ್ಬಿನ ಕಾಲದಲ್ಲಿ ರಾತ್ರಿಯೆಲ್ಲಾ ಟ್ರಾಕ್ಟರ್ ಓಡುತ್ತವೆ. ಕರೆಂಟು ರಾತ್ರಿ ಕೊಟ್ಟರೆ ನೀರು ಕಟ್ಟಲು ರಾತ್ರಿಯೇ ಹೋಗಬೇಕು. ನಮ್ಮ ಬದುಕಿನ ಅರ್ಧ ಭಾಗ ಕತ್ತಲ ದಾರಿಯ ಮೇಲೆಯೇ ಇದೆ.

25 ವರ್ಷದ ಹಿಂದೆ ಸಂಘ ಶುರುವಾದಾಗ ಈ ದಾರಿ ಹೇಗಿತ್ತು, ಹಿರಿಯರು ನೆನಪು ಮಾಡಿಕೊಳ್ಳಿ. ರಾತ್ರಿ ಎಂಟರ ಮೇಲೆ ಗಾಡಿ ಅನ್ನುವುದೇ ಅಪರೂಪ. ನಮ್ಮಪ್ಪ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಬರುತ್ತಿದ್ದರು. ಸೈಕಲ್ಲಿಗೆ ಡೈನಮೋ ಲೈಟು. ಪೆಡಲು ತುಳಿದರೆ ಬೆಳಕು, ನಿಲ್ಲಿಸಿದರೆ ಕತ್ತಲು. ಎತ್ತಿನ ಗಾಡಿಯವರು ಗಾಡಿ ಕೆಳಗೆ ಲಾಟೀನು ನೇತುಹಾಕುತ್ತಿದ್ದರು. ಆ ಬೆಳಕು ಯಾರ ಕಣ್ಣನ್ನೂ ಕುಕ್ಕುತ್ತಿರಲಿಲ್ಲ. "ಇಲ್ಲೊಂದು ಗಾಡಿ ಬರ್ತಾ ಇದೆ, ನೋಡ್ಕೊಳ್ರಪ್ಪ" ಎಂದು ಹೇಳುವಷ್ಟು ಮಾತ್ರ ಇತ್ತು. ಈಗ ಮನೆಗೊಂದು ಬೈಕು, ಬೀದಿಗೆ ನಾಲ್ಕು ಟ್ರಾಕ್ಟರು, ಕಾರು, ಟೆಂಪೋ, ಟಿಪ್ಪರು. ಬೆಳಕು ಹತ್ತು ಪಟ್ಟು ಜಾಸ್ತಿಯಾಗಿದೆ, ಆದರೆ ದಾರಿ ಕಾಣುವುದು ಕಡಿಮೆಯಾಗಿದೆ. ಇದು ವಿಚಿತ್ರ ಅಲ್ಲವೇ?

ಈ ವಿಷಯ ನಾನು ಪುಸ್ತಕ ಓದಿ ಆರಿಸಿಕೊಂಡದ್ದಲ್ಲ. ನನ್ನ ಕೈಯಿಂದಲೇ ಒಂದು ತಪ್ಪು ಆಗಿದೆ. ಅದನ್ನು ಮೊದಲು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

2019ರಲ್ಲಿ, ಕಬ್ಬಿನ ಕಾಲ. ನಮ್ಮ ಟ್ರಾಕ್ಟರಿನ ಲೈಟು ಮಂಕಾಗಿತ್ತು. ಪೇಟೆಯಲ್ಲಿ ಒಂದು ಅಂಗಡಿಗೆ ಹೋಗಿ ಎರಡು ಎಲ್‌ಇಡಿ ಪಟ್ಟಿ ಲೈಟು ತಂದು ಮುಂದುಗಡೆ ಮೇಲಕ್ಕೆ ಕಟ್ಟಿಸಿದೆ. ಹುಡುಗರು "ಅಣ್ಣ, ರಾತ್ರಿ ಹಗಲಾದಂಗೆ ಆಗ್ತದೆ" ಅಂದರು. ನಿಜವಾಗಿಯೂ ಹಗಲಾದ ಹಾಗೇ ಆಯಿತು. ನನಗೆ ಹೆಮ್ಮೆಯೋ ಹೆಮ್ಮೆ. ಎದುರಿಗೆ ಬರುವವರು ಪಕ್ಕಕ್ಕೆ ಸರಿದು ನಿಂತರೆ "ಭಯ ಬಿದ್ದು ದಾರಿ ಬಿಡ್ತಾರೆ" ಎಂದುಕೊಳ್ಳುತ್ತಿದ್ದೆ. ಅವರಿಗೆ ದಾರಿಯೇ ಕಾಣದೆ ನಿಂತಿದ್ದಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಒಂದು ರಾತ್ರಿ ಕಾರ್ಖಾನೆಗೆ ಕಬ್ಬು ಹಾಕಿ ಖಾಲಿ ಟ್ರೈಲರ್ ಎಳೆದುಕೊಂಡು ನಾಲೆ ಏರಿ ಮೇಲೆ ಬರುತ್ತಿದ್ದೆ. ಆ ಏರಿ ನಿಮಗೆ ಗೊತ್ತು. ಒಂದು ಕಡೆ ನಾಲೆ, ಇನ್ನೊಂದು ಕಡೆ ಗದ್ದೆ, ಎಂಟು ಹತ್ತು ಅಡಿ ತಗ್ಗು. ತಡೆಗೋಡೆ ಇಲ್ಲ. ಎದುರಿಗೆ ಒಂದು ಬೈಕು ಬಂತು. ಅದರ ಲೈಟು ನನ್ನ ಕಣ್ಣಿಗೂ ಹೊಡೆಯಿತು. ಪಕ್ಕಕ್ಕೆ ಹೋಯಿತು ಎಂದುಕೊಂಡು ನಾನು ಮುಂದಕ್ಕೆ ಬಂದೆ. ಮನೆಗೆ ಬಂದು ಊಟ ಮಾಡಿ ಮಲಗಿದೆ.

ಬೆಳಿಗ್ಗೆ ಡೇರಿಗೆ ಬಂದರೆ, ನಮ್ಮ ದಾಯಾದಿ ಅಣ್ಣನ ಮನೆಯಿಂದ ಹಾಲು ಬಂದಿಲ್ಲ. ರಾತ್ರಿ ಬೈಕು ಸಮೇತ ಏರಿಯಿಂದ ಗದ್ದೆಗೆ ಬಿದ್ದು ಕಾಲು ಮುರಿದಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಯಾರೋ ಹೇಳಿದರು. ನೀರು ಕಟ್ಟಲು ಹೋದವರು ನರಳುವ ಸದ್ದು ಕೇಳಿ ಎತ್ತಿದರಂತೆ. ಅಲ್ಲಿಯತನಕ ಮುಕ್ಕಾಲು ಗಂಟೆ ಅಣ್ಣ ಕೆಸರಿನಲ್ಲಿ ಬಿದ್ದಿದ್ದ. "ಯಾವುದೋ ಟ್ರಾಕ್ಟರ್ ಲೈಟು ಕಣ್ಣಿಗೆ ಬಿತ್ತಂತೆ" ಅಂದರು. ನನ್ನ ಕೈಯಲ್ಲಿದ್ದ ಕ್ಯಾನು ಹಾಗೇ ಇತ್ತು. ಆ ಹೊತ್ತಿನಲ್ಲಿ ಆ ಏರಿ ಮೇಲೆ ಬಂದ ಟ್ರಾಕ್ಟರು ನನ್ನದೊಂದೇ.

ನಾಲ್ಕು ತಿಂಗಳು ಅಣ್ಣ ಹಾಲು ಕರೆಯಲಾಗಲಿಲ್ಲ. ಕಾಲಿಗೆ ರಾಡು ಹಾಕಿದರು. ಅತ್ತಿಗೆಯೇ ಹಾಲು ಕರೆದು, ಮೇವು ಕುಯ್ದು, ಡೇರಿಗೆ ಹೊತ್ತು ತರುತ್ತಿದ್ದರು. ದಿನಾ ಬೆಳಿಗ್ಗೆ ಸಾಲಿನಲ್ಲಿ ಅವರ ಹಿಂದೆ ನಿಂತಾಗ ನನ್ನ ಗಂಟಲಲ್ಲಿ ಅನ್ನ ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು. ಎಂಟು ದಿನ ಸುಮ್ಮನಿದ್ದೆ. ಆಮೇಲೆ ತಡೆಯಲಾಗದೆ ಆಸ್ಪತ್ರೆಗೆ ಹೋಗಿ "ಅಣ್ಣ, ಅವತ್ತು ಬಂದ ಟ್ರಾಕ್ಟರು ನಂದೇ" ಎಂದು ಹೇಳಿಬಿಟ್ಟೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಗೊತ್ತಿತ್ತು ಬುಡ್ಲಾ. ಸದ್ದು ಕೇಳಿದ್ರೆ ಗೊತ್ತಾಗಕಿಲ್ವಾ ನಿನ್ ಟ್ರಾಕ್ಟರು? ಆದ್ರೆ ನಂದೂ ಬ್ರೈಟಲ್ಲೇ ಇತ್ತು ಕಣ್ಲಾ. ನಾನೂ ಡಿಮ್ ಮಾಡ್ನಿಲ್ಲ. ನಿಂಗೂ ನಾನು ಕಾಣ್ನಿಲ್ಲ, ನಂಗೂ ದಾರಿ ಕಾಣ್ನಿಲ್ಲ."

ಅಣ್ಣ ಇವತ್ತು ಈ ಸಭೆಯಲ್ಲೇ ಕೂತಿದ್ದಾನೆ. ಅವನನ್ನು ಕೇಳಿ, ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಅವತ್ತು ಅವನು ಗದ್ದೆ ಕಡೆ ಬಿದ್ದ. ನಾಲೆ ಕಡೆ ಬಿದ್ದಿದ್ದರೆ ನಿಮ್ಮ ಮುಂದೆ ನಿಲ್ಲಲು ನನಗೆ ಮುಖ ಇರುತ್ತಿರಲಿಲ್ಲ. ಮಾರನೇ ದಿನವೇ ಆ ಲೈಟು ಬಿಚ್ಚಿಸಿದೆ. ಆದರೆ ಅಷ್ಟಕ್ಕೇ ಬಿಡಬಾರದು ಎನ್ನಿಸಿತು. ಕಣ್ಣಿನ ಡಾಕ್ಟರನ್ನು ಕೇಳಿದೆ, ಮೆಕ್ಯಾನಿಕ್ಕನ್ನು ಕೇಳಿದೆ, ಸಾರಿಗೆ ಇಲಾಖೆಯ ನಿಯಮ ತಿಳಿದವರನ್ನು ಕೇಳಿದೆ. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಕಣ್ಣಿನ ವಿಷಯ. ಬಿಸಿಲಿನಿಂದ ಬಂದು ಕತ್ತಲೆ ಕೋಣೆಗೆ ಹೋದರೆ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂಟೆ, ಗುದ್ದಲಿ ಎಲ್ಲಾ ಒಂದೊಂದಾಗಿ ಕಾಣುತ್ತವೆ. ಕಣ್ಣಿನ ಪಾಪೆ ಕತ್ತಲಲ್ಲಿ ಅಗಲವಾಗುತ್ತದೆ, ಬೆಳಕಲ್ಲಿ ಕಿರಿದಾಗುತ್ತದೆ. ಇದಲ್ಲದೆ ಕಣ್ಣಿನ ಹಿಂದಿನ ಪರದೆಯಲ್ಲಿ ಮಬ್ಬುಗತ್ತಲಲ್ಲಿ ನೋಡುವುದಕ್ಕೇ ಬೇಕಾದ ಒಂದು ಬಣ್ಣದ ಪದಾರ್ಥ ಇರುತ್ತದಂತೆ. ಜೋರು ಬೆಳಕು ಬಿದ್ದರೆ ಅದು ಕರಗಿ ಹೋಗುತ್ತದೆ, ಮತ್ತೆ ಕೂಡಲು ಹೊತ್ತು ಹಿಡಿಯುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಎದುರು ಗಾಡಿ ದಾಟಿದ ಮೇಲೂ ಕೆಲವು ಸೆಕೆಂಡು ಕಣ್ಣ ಮುಂದೆ ಕಪ್ಪು ತೇಲುವುದು ಇದರಿಂದಲೇ.

ಕೆಲವು ಸೆಕೆಂಡು ತಾನೇ ಎನ್ನಬೇಡಿ. ಲೆಕ್ಕ ಹಾಕೋಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಮೂರು ಸೆಕೆಂಡು ಕಣ್ಣು ಕಾಣಲಿಲ್ಲ ಎಂದರೆ 33 ಮೀಟರ್, ಅಂದರೆ ನೂರು ಅಡಿಗೂ ಹೆಚ್ಚು. ವೇಗ 60 ಆದರೆ ಮೂರು ಸೆಕೆಂಡಿಗೆ 50 ಮೀಟರ್. ಹಗಲು ಹೊತ್ತಿನಲ್ಲಿ ಕಣ್ಣಿಗೆ ಟವಲ್ ಕಟ್ಟಿಕೊಂಡು 50 ಮೀಟರ್ ಬೈಕು ಓಡಿಸು ಎಂದರೆ ಯಾರಾದರೂ ಓಡಿಸುತ್ತೀರಾ? ರಾತ್ರಿ ಹೊತ್ತು ನಾವು ದಿನಾ ಮಾಡುತ್ತಿರುವುದು ಅದನ್ನೇ.

ವಯಸ್ಸಾದ ಹಾಗೆ ಈ ತೊಂದರೆ ಜಾಸ್ತಿ. ಪಾಪೆ ಹಿಂದಿನ ಹಾಗೆ ಅಗಲವಾಗುವುದಿಲ್ಲ, ಕಣ್ಣು ಚೇತರಿಸಿಕೊಳ್ಳಲು ತಡವಾಗುತ್ತದೆ. ಪೊರೆ ಬರಲು ಶುರುವಾದವರಿಗೆ ಒಂದು ಲೈಟು ಹೂವು ಅರಳಿದ ಹಾಗೆ ಹರಡಿ ಕಾಣುತ್ತದೆ. "ಹಗಲಲ್ಲಿ ಚೆನ್ನಾಗೇ ಕಾಣ್ತದೆ, ರಾತ್ರಿ ಲೈಟು ಮಾತ್ರ ತಡೆಯಕ್ಕಾಗಲ್ಲ" ಎನ್ನುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅಂಥವರು ತಡ ಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಪೊರೆ ಇದ್ದರೆ ಆಪರೇಷನ್ನಿಂದ ಸರಿಹೋಗುತ್ತದೆ. ಕನ್ನಡಕದ ನಂಬರು ಬದಲಾಗಿದ್ದರೆ ಹೊಸದು ಹಾಕಿದರಾಯಿತು. ನಲವತ್ತು ದಾಟಿ ಗಾಡಿ ಓಡಿಸುವವರೆಲ್ಲ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ನಾನೂ ಮಾಡಿಸಿಕೊಂಡೆ, ನನಗೂ ಕನ್ನಡಕ ಬಂತು.

ಎ ಜೀವಸತ್ವ ಕಡಿಮೆಯಾದರೂ ಇರುಳುಗಣ್ಣು ಬರುತ್ತದೆ. ಸೊಪ್ಪು, ಪಪ್ಪಾಯಿ, ಕ್ಯಾರೆಟ್, ಮೊಟ್ಟೆ, ಹಾಲು ಇವುಗಳಿಂದ ಅದು ಸಿಗುತ್ತದೆ. ಆದ್ದರಿಂದ ನಿರ್ದೇಶಕನಾಗಿಯೂ ಒಂದು ಮಾತು ಹೇಳುತ್ತೇನೆ, ಕಾರ್ಯದರ್ಶಿಗಳು ಬೇಜಾರು ಮಾಡಿಕೊಳ್ಳಬಾರದು: ಕರೆದ ಹಾಲನ್ನೆಲ್ಲಾ ಡೇರಿಗೇ ತರಬೇಡಿ, ಮನೆ ಮಕ್ಕಳಿಗೂ ಒಂದೊಂದು ಲೋಟ ಉಳಿಸಿ.

ಇನ್ನು ಎದುರು ಬೆಳಕು ಬಿದ್ದಾಗ ಓಡಿಸುವವನು ಏನು ಮಾಡಬೇಕು? ಮೊದಲನೆಯದು, ಆ ಬೆಳಕನ್ನು ನೋಡಬಾರದು. ಹುಳ ದೀಪಕ್ಕೆ ಹೋದ ಹಾಗೆ ನಮ್ಮ ಕಣ್ಣು ಬೆಳಕಿನ ಕಡೆಗೇ ಹೋಗುತ್ತದೆ, ಕಣ್ಣು ಹೋದ ಕಡೆ ಹ್ಯಾಂಡಲೂ ಹೋಗುತ್ತದೆ. ದೃಷ್ಟಿಯನ್ನು ಸ್ವಲ್ಪ ಕೆಳಕ್ಕೆ, ರಸ್ತೆಯ ಎಡಗಡೆ ಅಂಚಿಗೆ ಇಡಬೇಕು. ಬಿಳಿ ಪಟ್ಟೆ ಇದ್ದರೆ ಪಟ್ಟೆ, ಇಲ್ಲದಿದ್ದರೆ ಡಾಂಬರು ಮುಗಿದು ಮಣ್ಣು ಶುರುವಾಗುವ ಜಾಗ. ನಮ್ಮ ದೇಶದ ಗಾಡಿಗಳಲ್ಲಿ ಡಿಮ್ ಲೈಟು ಎಡಗಡೆ ಸ್ವಲ್ಪ ಹೆಚ್ಚು ದೂರ ಬೀಳುವ ಹಾಗೆ ಮಾಡಿರುತ್ತಾರೆ. ಎಡ ಅಂಚು ಹಿಡಿದವನಿಗೆ ದಾರಿ ಸಿಗುತ್ತದೆ.

ಎರಡನೆಯದು, ವೇಗ ಇಳಿಸಬೇಕು. ಬೆಳಕು ಕಣ್ಣಿಗೆ ಬಿದ್ದ ಮೇಲೆ ಅಲ್ಲ, ದೂರದಲ್ಲಿ ಕಂಡಾಗಲೇ. ಹಿಂದೆ ಬರುವವನು ಗುದ್ದುವ ಹಾಗೆ ದಿಢೀರನೆ ಬ್ರೇಕು ಹಾಕಬಾರದು, ಮೆಲ್ಲಗೆ ಇಳಿಸಬೇಕು. ನಮ್ಮ ಲೈಟು ಎಷ್ಟು ದೂರ ಬೀಳುತ್ತದೋ ಅಷ್ಟರೊಳಗೆ ಗಾಡಿ ನಿಲ್ಲುವಂತಿರಬೇಕು. ಡಿಮ್ಮಿನಲ್ಲಿ ಚೆನ್ನಾಗಿ ಕಾಣುವುದು ಮೂವತ್ತು ನಲವತ್ತು ಮೀಟರು. ಅದಕ್ಕೆ ತಕ್ಕ ವೇಗವೇ ಇರಬೇಕು. ಏನೂ ಕಾಣದಿದ್ದರೆ ಎಡಕ್ಕೆ ತಂದು ನಿಲ್ಲಿಸಿ. ನಿಂತರೆ ಹೋಗುವುದು ಒಂದು ನಿಮಿಷ. ನಿಲ್ಲದೆ ಹೋದರೆ ಏನು ಹೋಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಮೂರನೆಯದು, ಸೇಡಿಗೆ ಹೋಗಬಾರದು. ಅವನು ಡಿಮ್ ಮಾಡಲಿಲ್ಲ ಎಂದು ನಾವೂ ಬ್ರೈಟ್ ಹಾಕಿ ಅವನ ಕಣ್ಣಿಗೆ ಹೊಡೆಯುವುದು ನಮ್ಮ ಊರಿನ ಹುಡುಗರ ಅಭ್ಯಾಸ. ಒಂದು ಸಲ ಮಿಣುಕಿಸಿ ನೆನಪು ಮಾಡಿ, ಅದು ಸರಿ. ಅದಕ್ಕೂ ಕೇಳದಿದ್ದರೆ ಬಿಟ್ಟುಬಿಡಿ. ನೀವು ಬ್ರೈಟ್ ಹಾಕಿದರೆ ಕಣ್ಣು ಕಾಣದವರು ಇಬ್ಬರಾಗುತ್ತೀರಿ. ಹತ್ತು ಟನ್ ಲಾರಿಯನ್ನು ಕಣ್ಣು ಕಾಣದೆ ನಿಮ್ಮ ಕಡೆಗೆ ಓಡಿಸಿಕೊಂಡು ಬರುವವನು ನಿಮಗೆ ಬೇಕೇ? ಡಿಮ್ ಮಾಡುವುದು ಎದುರಿನವನಿಗೆ ಮಾಡುವ ಉಪಕಾರ ಎಂದು ನಾವು ತಿಳಿದಿದ್ದೇವೆ. ಅದು ತಪ್ಪು. ಅವನಿಗೆ ದಾರಿ ಕಂಡರೆ ಉಳಿಯುವುದು ನಮ್ಮ ಜೀವ.

ನಾಲ್ಕನೆಯದು, ಗಾಜು. ಕಾರಿನ ಮುಂದಿನ ಗಾಜಿನ ಮೇಲೆ ಧೂಳು, ಒಳಗಡೆ ಜಿಡ್ಡು ಇದ್ದರೆ ಎದುರು ಬೆಳಕು ಅದರ ಮೇಲೆಲ್ಲಾ ಹರಡಿಕೊಳ್ಳುತ್ತದೆ. ಒಳಗೂ ಹೊರಗೂ ಒರೆಸಬೇಕು. ಹೆಲ್ಮೆಟ್ಟಿನ ಗಾಜು ಗೀರು ಬಿದ್ದಿದ್ದರೆ ಬದಲಾಯಿಸಬೇಕು. ಕನ್ನಡಕವನ್ನು ಪಂಚೆ ಅಂಚಿನಲ್ಲಿ ಒರೆಸಿ ಒರೆಸಿ ಗೀರು ಮಾಡಿಕೊಂಡಿರುವವರು ಇದನ್ನು ಗಮನಿಸಿ. ರಾತ್ರಿಗೆ ಎಂದು ಮಾರುವ ಹಳದಿ ಕನ್ನಡಕ ನಂಬಬೇಡಿ. ಬಣ್ಣದ ಗಾಜು ಇರುವ ಬೆಳಕನ್ನೂ ಕಡಿಮೆ ಮಾಡುತ್ತದೆ, ದಾರಿ ಇನ್ನೂ ಮಂಕಾಗುತ್ತದೆ. ಕಾರಿನಲ್ಲಿ ಹಿಂದಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದರೆ, ಒಳಗಿನ ಕನ್ನಡಿಯ ಕೆಳಗೆ ಒಂದು ಸಣ್ಣ ಕಡ್ಡಿ ಇರುತ್ತದೆ. ಅದನ್ನು ತಿರುಗಿಸಿದರೆ ಬೆಳಕು ಮಂಕಾಗುತ್ತದೆ. ಬಹಳ ಜನಕ್ಕೆ ಅದು ಯಾತಕ್ಕೆ ಇದೆ ಎಂದೇ ಗೊತ್ತಿಲ್ಲ.

ಇಷ್ಟು ನಮ್ಮ ಕಣ್ಣನ್ನು ಕಾಪಾಡಿಕೊಳ್ಳುವ ವಿಷಯ. ಇನ್ನು ನಾವು ಬೇರೆಯವರ ಕಣ್ಣು ಕಳೆಯದೇ ಇರುವುದು ಹೇಗೆ? ನನ್ನ ಮಾತಿನ ಮುಖ್ಯ ಭಾಗ ಇದು.

ಬೈಕಿನ ಮೀಟರಿನಲ್ಲಿ ನೀಲಿ ಬಣ್ಣದ ಸಣ್ಣ ದೀಪ ಉರಿಯುತ್ತಿದ್ದರೆ ಲೈಟು ಬ್ರೈಟಿನಲ್ಲಿದೆ ಎಂದು ಅರ್ಥ. ಇದನ್ನು ತಿಳಿಯದೆ ವರ್ಷಾನುಗಟ್ಟಲೆ ಬ್ರೈಟಿನಲ್ಲೇ ಓಡಿಸುವವರಿದ್ದಾರೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟು ಆರಿಸುವ ಸ್ವಿಚ್ಚೇ ಇಲ್ಲ, ಎಂಜಿನ್ ಶುರುವಾದರೆ ಲೈಟು ಹತ್ತುತ್ತದೆ. ಹಗಲಲ್ಲೂ ಬೈಕು ಎದ್ದು ಕಾಣಲಿ ಎಂದು ಸರ್ಕಾರ ಮಾಡಿದ್ದು. ಆದರೆ ಡಿಮ್ ಬ್ರೈಟ್ ಸ್ವಿಚ್ಚು ನಮ್ಮ ಕೈಯಲ್ಲೇ ಇದೆ. ಊರೊಳಗೆ, ಬೀದಿ ದೀಪ ಇರುವ ಕಡೆ, ಎದುರಿಗೆ ಗಾಡಿ ಬರುವಾಗ, ಇನ್ನೊಂದು ಗಾಡಿಯ ಹಿಂದೆ ಹೋಗುವಾಗ ಡಿಮ್ಮಿನಲ್ಲೇ ಇರಬೇಕು. ಖಾಲಿ ರಸ್ತೆಯಲ್ಲಿ ಮಾತ್ರ ಬ್ರೈಟ್.

ಬಲ್ಬಿನ ವಿಷಯ. ಮಾಮೂಲಿ ಹ್ಯಾಲೊಜೆನ್ ಬಲ್ಬಿನೊಳಗೆ ಎರಡು ತಂತಿ ಇರುತ್ತವೆ, ಒಂದು ಬ್ರೈಟಿಗೆ, ಒಂದು ಡಿಮ್ಮಿಗೆ. ಕಾರು, ಟ್ರಾಕ್ಟರಿಗೆ ಹಾಕುವ ಬಲ್ಬಿನಲ್ಲಿ ಡಿಮ್ ತಂತಿಯ ಕೆಳಗೆ ಒಂದು ಪುಟ್ಟ ತಗಡಿನ ಬಟ್ಟಲು ಇರುತ್ತದೆ. ಬೆಳಕು ಮೇಲಕ್ಕೆ ಹೋಗದ ಹಾಗೆ ತಡೆಯುವುದೇ ಅದರ ಕೆಲಸ. ಬುರುಡೆಯ ಕನ್ನಡಿಯನ್ನೂ ಆ ತಂತಿ ಇರುವ ಜಾಗಕ್ಕೆ ಸರಿಯಾಗಿ ಲೆಕ್ಕ ಹಾಕಿ ಮಾಡಿರುತ್ತಾರೆ. ಆ ಬುರುಡೆಗೆ ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ಹುಟ್ಟುವ ಜಾಗವೇ ಬದಲಾಗುತ್ತದೆ. ಬೆಳಕು ರಸ್ತೆಗೆ ಬೀಳುವ ಬದಲು ಎಲ್ಲಾ ಕಡೆ ಚೆಲ್ಲುತ್ತದೆ. ಹತ್ತಿರ ಬೆಳ್ಳಗೆ ಕಾಣುತ್ತದೆ, ದೂರ ಕಾಣುವುದಿಲ್ಲ, ಎದುರಿನವನ ಕಣ್ಣು ಹೋಗುತ್ತದೆ. ಕಂಪನಿಯಿಂದಲೇ ಎಲ್‌ಇಡಿ ಬಂದಿದ್ದರೆ ಅದರ ಬುರುಡೆಯೇ ಬೇರೆ, ಅದು ತಪ್ಪಲ್ಲ. ತಪ್ಪು ಇರುವುದು ನಾವು ಮೇಲೆ ಸೇರಿಸುವುದರಲ್ಲಿ.

ಲೈಟಿನ ಮಟ್ಟ ಸರಿಯಿದೆಯೇ ಎಂದು ಮನೆಯಲ್ಲೇ ನೋಡಬಹುದು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿ. ಹೆಡ್‌ಲೈಟಿನ ನಡು ಭಾಗ ನೆಲದಿಂದ ಎಷ್ಟು ಎತ್ತರ ಇದೆ ಎಂದು ಅಳೆದು, ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ ಮೂರು ಅಂಗುಲದಷ್ಟು ಕೆಳಗೆ ಇರಬೇಕು. ಮೇಲಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ ಸ್ಕ್ರೂ ತಿರುಗಿಸಿ ಇಳಿಸಿಕೊಳ್ಳಿ. ಒಂದು ಮಾತು ನೆನಪಿರಲಿ. ಬೈಕಿನ ಹಿಂದೆ ಎರಡು ಹಾಲಿನ ಕ್ಯಾನು ಅಥವಾ ಹಿಂಡಿ ಮೂಟೆ ಹಾಕಿದರೆ ಹಿಂಭಾಗ ಕುಸಿದು ಮುಂದಿನ ಲೈಟು ಆಕಾಶ ನೋಡುತ್ತದೆ. ಆದ್ದರಿಂದ ದಿನಾ ಹೇರುವಷ್ಟು ಭಾರ ಹೇರಿಯೇ ನೋಡಬೇಕು. ಕೆಲವು ಕಾರುಗಳಲ್ಲಿ ಲೈಟು ಇಳಿಸುವ ಗುಂಡಿ ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತದೆ. ಹಿಂದೆ ಜನ, ಸಾಮಾನು ತುಂಬಿದಾಗ ಅದನ್ನು ತಿರುಗಿಸಬೇಕು.

ಟ್ರಾಕ್ಟರಿನವರಿಗೆ ಪ್ರತ್ಯೇಕವಾಗಿ ಎರಡು ಮಾತು, ನಾನೂ ನಿಮ್ಮವನೇ. ಟ್ರಾಕ್ಟರಿನ ಹಿಂದೆ ಉಳುಮೆಗೆ ಎಂದು ಒಂದು ಬಿಳಿ ಲೈಟು ಇರುತ್ತದೆ. ಹೊಲದಲ್ಲಿ ಉಳುವಾಗ ಅದು ಬೇಕು. ರಸ್ತೆಗೆ ಬಂದ ಮೇಲೆ ಅದನ್ನು ಆರಿಸಬೇಕು. ಇಲ್ಲದಿದ್ದರೆ ಹಿಂದೆ ಬರುವವನಿಗೆ ಕಣ್ಣೂ ಕಾಣುವುದಿಲ್ಲ, ಎದುರಿಗೆ ಯಾವುದೋ ಗಾಡಿ ಬರುತ್ತಿದೆ ಎಂದು ಮೋಸವೂ ಹೋಗುತ್ತಾನೆ. ಎರಡನೆಯದು, ಒಂಟಿ ಕಣ್ಣಿನ ಟ್ರಾಕ್ಟರು. ಒಂದು ಹೆಡ್‌ಲೈಟು ಹೋಗಿ ಇನ್ನೊಂದೇ ಉರಿಯುತ್ತಿದ್ದರೆ ಎದುರಿನವನು ಬೈಕು ಎಂದುಕೊಂಡು ಹತ್ತಿರಕ್ಕೆ ಬಂದುಬಿಡುತ್ತಾನೆ. ಕೈಯಲ್ಲಿ ದುಡ್ಡು ಆದಾಗ ಹಾಕಿಸೋಣ ಎಂದು ಬಲ್ಬನ್ನು ಮುಂದಕ್ಕೆ ಹಾಕಬೇಡಿ.

ಬೆಳಕು ಕಣ್ಣಿಗೆ ಬಿದ್ದವನಿಗೆ ಅದರ ಹಿಂದೆ ಇರುವುದು ಏನೂ ಕಾಣುವುದಿಲ್ಲ. ಎರಡು ಗಾಡಿಗಳ ಬೆಳಕಿನ ನಡುವೆ ಸಿಕ್ಕಿದ ಮನುಷ್ಯ ಇಬ್ಬರಿಗೂ ಕಾಣದೆ ಮಾಯವಾಗುತ್ತಾನೆ. ರಸ್ತೆ ಬದಿ ನಿಲ್ಲಿಸಿದ ಕಬ್ಬಿನ ಟ್ರೈಲರು, ಎತ್ತಿನ ಗಾಡಿ, ಕಟ್ಟು ಬಿಚ್ಚಿಕೊಂಡು ಬಂದ ಎಮ್ಮೆ, ಡೇರಿಗೆ ನಡೆದು ಬರುವ ತಾಯಂದಿರು, ಇವರೆಲ್ಲ ಹೀಗೆಯೇ ಮಾಯವಾಗುವವರು. ಇವರಿಗೆ ಹೊಳೆಯುವ ಪಟ್ಟಿಯೇ ಕಾವಲು. ಲೈಟು ಬಿದ್ದರೆ ಬಂದ ಕಡೆಗೇ ವಾಪಸು ಹೊಳೆಯುವ ಪಟ್ಟಿ ಅದು. ಗಾಡಿಯ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಹಚ್ಚಬೇಕು. ಕಬ್ಬಿನ ಸುಳಿ ಇಳಿಬಿದ್ದು ಟ್ರೈಲರಿನ ಕೆಂಪು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ನಡೆದು ಬರುವವರು ರಸ್ತೆಯ ಬಲಗಡೆ, ಎದುರಿನ ಗಾಡಿ ಕಾಣುವಂತೆ ನಡೆಯಬೇಕು. ಕೈಯಲ್ಲಿ ಟಾರ್ಚು ಇರಲಿ, ಅದರ ಬೆಳಕು ನೆಲಕ್ಕೆ ಇರಲಿ. ಕಪ್ಪು ಕಂಬಳಿ ಹೊದ್ದರೆ ಅದರ ಮೇಲೆ ಒಂದು ಬಿಳಿ ಟವಲಾದರೂ ಹಾಕಿಕೊಳ್ಳಿ.

ನಮ್ಮ ಮಂಡ್ಯ ಜಿಲ್ಲೆಯ ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳಿಗೆ ಪ್ರವೇಶ ಇಲ್ಲದಂತೆ ಆಯಿತು. ನಾವೆಲ್ಲ ಪಕ್ಕದ ಸರ್ವೀಸ್ ರಸ್ತೆಗೆ ಬಂದೆವು. ಅಲ್ಲಿ ಹೆದ್ದಾರಿಯ ಬೆಳಕೂ ಪಕ್ಕದಿಂದ ಕಣ್ಣಿಗೆ ಬೀಳುತ್ತದೆ. ಅದರ ಜೊತೆಗೆ ಒಂದು ಕಿಲೋಮೀಟರ್ ಉಳಿಸಲು ಅಡ್ಡದಾರಿಯಲ್ಲಿ ಎದುರು ಬರುವವರೂ ಇದ್ದಾರೆ. ಅಲ್ಲಿ ವೇಗ ಇಳಿಸಿಯೇ ಹೋಗಬೇಕು.

ಕಾನೂನೂ ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಮುಂದಿನ ಲೈಟು ಬೇರೆಯವರ ಕಣ್ಣು ಕುಕ್ಕದಂತೆ ಕೆಳಕ್ಕೆ ಬಾಗಿರಬೇಕು ಎಂದು ಬರೆದಿದೆ. ಹಿಂದೆ ಹೆಡ್‌ಲೈಟಿನ ಗಾಜಿಗೆ ಕಪ್ಪು ಬಣ್ಣ ಬಳಿಯುತ್ತಿದ್ದುದನ್ನು ನೀವು ನೋಡಿದ್ದೀರಿ. 2024ರ ಜುಲೈನಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟು ಹಾಕಿದವರ ಮೇಲೆ ಎಲ್ಲಾ ಕಡೆ ಕೇಸು ಹಾಕಲು ಶುರು ಮಾಡಿದರು. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರೆಲ್ಲ ಎದುರು ಬೆಳಕಿನಿಂದ ಸತ್ತರು ಎಂದು ನಾನು ಹೇಳುವುದಿಲ್ಲ. ಆದರೆ ದಿನದ ಎಲ್ಲಾ ಹೊತ್ತಿಗಿಂತ ಸಂಜೆ 6ರಿಂದ ರಾತ್ರಿ 9ರ ನಡುವೆ ಹೆಚ್ಚು ಅಪಘಾತ ಆಗುತ್ತವೆ ಎಂದು ಅದೇ ವರದಿ ಹೇಳುತ್ತದೆ. ನಾವು ಸಂಜೆಯ ಹಾಲು ಹಾಕಿ ಮನೆಗೆ ಹೋಗುವ ಹೊತ್ತು ಅದು.

ಪೊಲೀಸರು ನಾಲೆ ಏರಿ ಮೇಲೆ ಬಂದು ಕಾಯುವುದಿಲ್ಲ. ಅಲ್ಲಿ ಕಾಯಬೇಕಾದವರು ನಾವೇ. ಈ ಸಂಘ ಕಟ್ಟಿದಾಗ ಹಿರಿಯರು ಏನು ಹೇಳಿದ್ದರು? ಒಬ್ಬ ಹಾಲಿಗೆ ನೀರು ಬೆರೆಸಿದರೆ ಇಡೀ ಕ್ಯಾನು ಕೆಡುತ್ತದೆ, ಎಲ್ಲರಿಗೂ ನಷ್ಟ ಎಂದರು. ನಾವು ಅದನ್ನು ಕೇಳಿದೆವು, ಸಂಘ 25 ವರ್ಷ ಉಳಿಯಿತು. ರಸ್ತೆಯೂ ಹಾಗೆಯೇ. ಒಬ್ಬ ಬ್ರೈಟ್ ಹಾಕಿಕೊಂಡು ಬಂದರೆ ಆ ದಾರಿ ಎಲ್ಲರಿಗೂ ಕೆಡುತ್ತದೆ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನಾನು ಒಂದು ಬೇಡಿಕೆ ಇಟ್ಟಿದ್ದೇನೆ. ರಜತ ಮಹೋತ್ಸವದ ನೆನಪಿಗೆ ಪ್ರತಿ ಸದಸ್ಯರಿಗೂ ಸ್ಟೀಲು ಪಾತ್ರೆ ಕೊಡುವ ಮಾತು ನಡೆದಿದೆ. ಪಾತ್ರೆ ಕೊಡಲಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಮನೆಗೆ ಒಂದಷ್ಟು ಹೊಳೆಯುವ ಪಟ್ಟಿಯನ್ನೂ ಕೊಡೋಣ. ಕ್ಯಾನಿಗೆ, ಸೈಕಲ್ಲಿಗೆ, ಎತ್ತಿನ ಗಾಡಿಗೆ, ಟ್ರೈಲರಿಗೆ ಹಚ್ಚಿಕೊಳ್ಳಲಿ. ಇನ್ನೊಂದು, ಒಂದು ಭಾನುವಾರ ಮೆಕ್ಯಾನಿಕ್ಕನ್ನು ಡೇರಿ ಹತ್ತಿರ ಕರೆಸೋಣ. ಡೇರಿ ಗೋಡೆ ಮೇಲೆ ಗೆರೆ ಎಳೆದು ಊರಿನ ಎಲ್ಲಾ ಗಾಡಿಗಳ ಲೈಟು ಸರಿ ಮಾಡಿಸೋಣ. ಅದೇ ದಿನ ಕಣ್ಣಿನ ಪರೀಕ್ಷೆಯನ್ನೂ ಇಟ್ಟುಕೊಳ್ಳೋಣ. ಇದಕ್ಕೆ ಆಗುವ ಖರ್ಚಿನಲ್ಲಿ ಒಂದು ಪಾಲನ್ನು ನನ್ನ ಈ ವರ್ಷದ ಬೋನಸ್ಸಿನಿಂದ ಮುರಿದುಕೊಳ್ಳಲು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ. ಇದು ದಾನ ಅಲ್ಲ. ನಾನು ಕೊಡಬೇಕಾದ ಹಳೇ ಬಾಕಿ.

ಯುವಕ ಮಿತ್ರರಿಗೆ ಕೊನೆಯದಾಗಿ ಒಂದು ಮಾತು. ಎದುರಿಗೆ ಬರುವ ಬೆಳಕಿನ ಹಿಂದೆ ಯಾರಿದ್ದಾರೆ ಎಂದು ನಮಗೆ ಕಾಣುವುದಿಲ್ಲ. ಅಪ್ಪ ಇರಬಹುದು, ಭಾವ ಇರಬಹುದು, ನನ್ನ ಹಾಗೆ ಒಬ್ಬ ಅಣ್ಣನೇ ಇರಬಹುದು. ನಮ್ಮ ಊರಿನ ದಾರಿಯಲ್ಲಿ ಪರದೇಶದವರು ಯಾರೂ ಬರುವುದಿಲ್ಲ. ನಮ್ಮವರೇ ಬರುವುದು. ಬೆರಳಿನ ಕೆಳಗೇ ಸ್ವಿಚ್ಚಿದೆ, ಖರ್ಚಿಲ್ಲ. ಇವತ್ತು ಸಭೆ ಮುಗಿಸಿ ಮನೆಗೆ ಹೋಗುವಾಗಲೇ ಶುರು ಮಾಡಿ. ನೀಲಿ ದೀಪ ಉರಿಯುತ್ತಿದೆಯೇ ನೋಡಿ, ಉರಿಯುತ್ತಿದ್ದರೆ ಇಳಿಸಿ.



ಜೈ ಸಹಕಾರ, ಜೈ ಕರ್ನಾಟಕ, ಜೈ ಹಿಂದ್.